ಬಾರದ ರಾಜನಿಗೆ ಸೂರ್ಯನ ಪಟ್ಟ

ಮೂರು ಶತಮಾನ ಆಳಿದರೂ ಸ್ಪೇನಿನ ಒಬ್ಬ ರಾಜನೂ ತನ್ನ ಅಮೆರಿಕದ ನೆಲ ತುಳಿಯಲಿಲ್ಲ. ಪಟ್ಟದಲ್ಲಿದ್ದ ದೊರೆ ಅಲ್ಲಿಗೆ ಮೊದಲ ಸಲ ಹೋದದ್ದು 1976ರಲ್ಲಿ. ಅಷ್ಟರಲ್ಲಿ ವಸಾಹತುಗಳೇ ಇರಲಿಲ್ಲ. ಹಾಗಾದರೆ ಮೆಕ್ಸಿಕೊ, ಲಿಮಾದ ಜನ ತಲೆಬಾಗುತ್ತಿದ್ದುದು ಯಾರಿಗೆ? ಪಟಕ್ಕೆ, ಬಾವುಟಕ್ಕೆ, ಪಾದ್ರಿಯ ಮಾತಿಗೆ. ರಾಜನನ್ನು ಚರ್ಚು ದೇವರನ್ನಾಗಿಸಿತು ಎನ್ನುವವರಿದ್ದಾರೆ, ಅದೆಲ್ಲ ಬರೀ ಅಲಂಕಾರ ಎನ್ನುವವರೂ ಇದ್ದಾರೆ.

1508ರಲ್ಲಿ ಪೋಪ್ ಎರಡನೇ ಜೂಲಿಯಸ್ ಅಲ್ಲಿನ ಚರ್ಚುಗಳ ಪೋಷಕತ್ವವನ್ನು ಸ್ಪೇನಿನ ಅರಸೊತ್ತಿಗೆಗೆ ಬಿಟ್ಟುಕೊಟ್ಟ. ಬಿಷಪ್ಪರನ್ನು ಆರಿಸುವವನೇ ರಾಜನಾದ ಮೇಲೆ ಚರ್ಚಿನ ಬೋಧನಾಪೀಠದಿಂದ ರಾಜಸ್ತುತಿ ಕೇಳಿಬಂದದ್ದು ಸಹಜವೇ.

ಅದರ ಉತ್ತುಂಗ ನಾಲ್ಕನೇ ಫಿಲಿಪ್‌ನ ಕಾಲ. ಭೂಮಿಯನ್ನು ನಡುವಿಟ್ಟು ಎಣಿಸುವ ಹಳೆಯ ಲೆಕ್ಕದಲ್ಲಿ ಸೂರ್ಯ ನಾಲ್ಕನೇ ಗ್ರಹ. ಇವನೂ ನಾಲ್ಕನೆಯವನು, ಹಾಗಾಗಿ 'ಗ್ರಹರಾಜ'. 1665ರ ಸೆಪ್ಟೆಂಬರಿನಲ್ಲಿ ಅವನು ಸತ್ತ. ಸುದ್ದಿ ಹಡಗಿನಲ್ಲಿ ಕಡಲು ದಾಟಿ ಬಂದು, ಮೆಕ್ಸಿಕೊ ಕೆಥೆಡ್ರಲಿನಲ್ಲಿ ಉತ್ತರಕ್ರಿಯೆ ನಡೆದದ್ದು 1666ರಲ್ಲಿ. ಅದಕ್ಕೆಂದೇ ಕಟ್ಟಿದ ಶವಮಂಟಪ: ಮರದ ಅಂತಸ್ತಿನ ಮೇಲೆ ಅಂತಸ್ತು, ಮೇಣದಬತ್ತಿಗಳ ಸಾಲು, ಪದ್ಯ ಬರೆದ ಚಿತ್ರಫಲಕಗಳು. ಒಳಗೆ ಹೆಣವಿಲ್ಲ, ಅದು ಸ್ಪೇನಿನ ರಾಜರ ಸಮಾಧಿಯಿರುವ ಎಸ್ಕೋರಿಯಲ್‌ನಲ್ಲಿ ಮಣ್ಣಾಗಿತ್ತು. ಈ ಸಮಾರಂಭದ ವಿವರ ಬರೆದ ಇಸಿದ್ರೊ ಸಾರಿನ್ಯಾನಾ ಪುಸ್ತಕಕ್ಕಿಟ್ಟ ಹೆಸರಿನಲ್ಲೇ ಸೂರ್ಯ ಮುಳುಗುತ್ತಾನೆ, ಪಶ್ಚಿಮ ದಿಕ್ಕು ಅಳುತ್ತದೆ. ಪಶ್ಚಿಮವೆಂದರೆ ಅಮೆರಿಕ. ಒಪ್ಪಲೇಬೇಕು, ಜಾಣ ರೂಪಕ!

ಆದರೆ ಸೂರ್ಯ ಕ್ರಿಸ್ತನ ಸಂಕೇತವೂ ಹೌದು. ಪರಮಪ್ರಸಾದವನ್ನು, ಅಂದರೆ ಕ್ರಿಸ್ತನ ದೇಹವೆಂದು ನಂಬುವ ರೊಟ್ಟಿಯನ್ನು, ಇಟ್ಟು ತೋರಿಸುವ ಪಾತ್ರೆಯ ಸುತ್ತಲೂ ಚಿನ್ನದ ಕಿರಣಗಳಿರುತ್ತವೆ. ರಾಜನನ್ನು ನೇರವಾಗಿ ದೇವರೆಂದರೆ ಧರ್ಮದ್ರೋಹ; ಅದೇ ಬೆಳಕಿನಲ್ಲಿ ನಿಲ್ಲಿಸಿದರೆ ಭಕ್ತಿ. ಪೆರುವಿನ ಕುಸ್ಕೊ ನಗರದ ಕಲಾವಿದರು ಬರೆದ ಚಿತ್ರಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ: ಕಂಬದ ಮೇಲೆ ಆ ಪಾತ್ರೆ, ಒಂದು ಬದಿಗೆ ಅದನ್ನು ಕೆಡವಲು ಬಂದ ತುರ್ಕರು, ಇನ್ನೊಂದು ಬದಿಗೆ ಕತ್ತಿ ಹಿರಿದ ಸ್ಪೇನಿನ ರಾಜ. ಅನೇಕ ಚಿತ್ರಗಳಲ್ಲಿ ಆ ವೀರ ಎರಡನೇ ಚಾರ್ಲ್ಸ್, ಹುಟ್ಟಿನಿಂದಲೇ ರೋಗಿಷ್ಠನಾಗಿದ್ದವನು.

ಹದಿನೆಂಟನೇ ಶತಮಾನದಲ್ಲಿ ಸ್ಪೇನಿನ ಪಟ್ಟಕ್ಕೆ ಫ್ರಾನ್ಸ್ ಮೂಲದ ಬೂರ್ಬೊನ್ ವಂಶ ಬಂತು, ಹಳೆಯ ರೂಪಕಗಳು ಮುಂದುವರಿದವು. 1808ರಲ್ಲಿ ಏಳನೇ ಫರ್ಡಿನೆಂಡ್ ನೆಪೋಲಿಯನ್ನನ ಸೆರೆಯಲ್ಲಿದ್ದಾಗ ಮೆಕ್ಸಿಕೊ ನಗರ ಅವನ ಪಟದ ಮುಂದೆ ನಿಷ್ಠೆಯ ಪ್ರಮಾಣ ಮಾಡಿತು. ಎರಡು ವರ್ಷದ ಬಳಿಕ ಪಾದ್ರಿ ಹಿಡಾಲ್ಗೊ ಮೆಕ್ಸಿಕೊದ ಸ್ಪೇನಿ ಆಡಳಿತದ ವಿರುದ್ಧ ದಂಗೆಯೆದ್ದಾಗ ಬಾವುಟದಲ್ಲಿದ್ದದ್ದು ಗ್ವಾದಲೂಪೆಯ ಮಾತೆ, ಮೆಕ್ಸಿಕೊದವರು ಪೂಜಿಸುವ ಮೇರಿ. ಜಯಕಾರದಲ್ಲಿ ಫರ್ಡಿನೆಂಡನೂ ಇದ್ದ.

1822ರ ಜುಲೈಯಲ್ಲಿ ಅದೇ ಕೆಥೆಡ್ರಲಿನಲ್ಲಿ ಸೇನಾನಿ ಇತುರ್ಬೀದೆ ಸ್ವತಂತ್ರ ಮೆಕ್ಸಿಕೊದ ಚಕ್ರವರ್ತಿಯಾಗಿ ಕಿರೀಟ ಧರಿಸಿದ. ಕೊನೆಗೂ ಕಣ್ಣೆದುರೇ ಕೂತ ದೊರೆ. ಎಂಟು ತಿಂಗಳಲ್ಲಿ ಪಟ್ಟ ಬಿಟ್ಟ.