ಕನ್ನಡಿ ಕೆಳಗಿನ ಕಡ್ಡಿ ಮತ್ತು ಹಳದಿ ಚಷ್ಮಾ

ಪ್ರಶ್ನೆ: ಸರ್, ರಾತ್ರಿ ಹುಮನಾಬಾದ್ ರೋಡಿನಾಗ ಬರುವಾಗ ಹಿಂದಿನ ಗಾಡಿ ಲೈಟು ಕನ್ನಡಿಯಾಗ ಬಿದ್ದು ಕಣ್ಣು ಕುಕ್ತದ. ಎದುರಿಂದ ಬರೋರೂ ಡಿಪ್ ಮಾಡಂಗಿಲ್ಲ. ನೈಟ್ ಡ್ರೈವಿಂಗಿಗೆ ಅಂತ ಹಳದಿ ಚಷ್ಮಾ ಬರ್ತಾವಲ್ರಿ, ಅದರಾಗ ಯಾವುದು ಚಲೋ?

ಉತ್ತರ: ಯಾವುದೂ ಬೇಡ. ಕನ್ನಡಿಯ ಕೆಳಗಿನ ಕಡ್ಡಿ ಎಳೆಯಿರಿ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕಬ್ಬಿನ ಹಂಗಾಮು ಶುರುವಾಯಿತು ಅಂದರೆ ಸಾಕು, ಇದೇ ಪ್ರಶ್ನೆ ನನ್ನ ಹತ್ತಿರ ಬರುತ್ತದೆ. ಹೋದ ವರ್ಷವೂ ಹೇಳಿದ್ದೆ, ಅದರ ಹಿಂದಿನ ವರ್ಷವೂ ಹೇಳಿದ್ದೆ. ಈ ಸಲ ಒಂದಿಷ್ಟು ಬಿಡಿಸಿ ಬರೆಯುತ್ತೇನೆ. ಮುಂದಿನ ವರ್ಷ ಕೇಳಿದವರಿಗೆ ಇದನ್ನೇ ತೋರಿಸಿದರಾಯಿತು.

ಕಾರಿನೊಳಗೆ ನಡುವೆ ಇರುವ ಕನ್ನಡಿಯ ಕೆಳಗೆ ಬೆರಳಿನಷ್ಟು ಒಂದು ಕಡ್ಡಿ ಇದೆಯಲ್ಲ, ಅದು ಯಾತಕ್ಕೆ? ಕಾರು ಕೊಂಡು ಆಮೇಲೆ ಕಲಿಯಲು ಬರುವವರನ್ನೆಲ್ಲ ನಾನು ಮೊದಲು ಕೇಳುವ ಪ್ರಶ್ನೆ ಇದು. ಕನ್ನಡಿ ತಿರುಗಿಸುವ ಹಿಡಿಕೆ ಅನ್ನುತ್ತಾರೆ ಹೆಚ್ಚಿನವರು. ಕೆಲವರು ಅದಕ್ಕೆ ಶರಣಬಸವೇಶ್ವರರ ಪದಕ ತೂಗುಹಾಕಿರುತ್ತಾರೆ, ಕೆಲವರು ತಸ್ಬೀ. ಒಬ್ಬರಂತೂ ದಾರವನ್ನು ಎಷ್ಟು ಬಿಗಿಯಾಗಿ ಸುತ್ತಿದ್ದರೆಂದರೆ ಕಡ್ಡಿ ಅಲುಗಾಡುತ್ತಲೇ ಇರಲಿಲ್ಲ. ಐದು ವರ್ಷ ಆ ಗಾಡಿ ಓಡಿಸಿದ್ದರು. ಐದು ವರ್ಷವೂ ರಾತ್ರಿ ಕಣ್ಣು ಕಿರಿದು ಮಾಡಿಕೊಂಡೇ ಓಡಿಸಿದ್ದರು.

ಆ ಕಡ್ಡಿಯನ್ನು ನಿಮ್ಮ ಕಡೆ ಎಳೆದರೆ ಹಿಂದಿನ ಲಾರಿಯ ಉರಿಬೆಳಕು ಮಂದ ಚುಕ್ಕೆಯಾಗುತ್ತದೆ. ಗಾಡಿ ಹಿಂದೆ ಇದೆ ಅನ್ನುವುದು ಗೊತ್ತಾಗುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ. ಬ್ಯಾಟರಿ ಇಲ್ಲ, ವೈರ್ ಇಲ್ಲ. ಬರೀ ಗಾಜಿನ ಆಟ ಅದು. ಆ ಕನ್ನಡಿಯ ಗಾಜು ಮನೆಯ ಕನ್ನಡಿಯಂತೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಕಟ್ಟಿಗೆ ಸೀಳುವ ಬೆಣೆಯಂತೆ ಒಂದು ಅಂಚು ದಪ್ಪ, ಇನ್ನೊಂದು ಅಂಚು ತೆಳ್ಳಗೆ. ಹಾಗಾಗಿ ಅದರ ಮುಂದಿನ ಮೈ ಒಂದು ದಿಕ್ಕಿಗೆ ನೋಡುತ್ತದೆ, ಪಾದರಸ ಬಳಿದಂತೆ ಹೊಳೆಯುವ ಹಿಂದಿನ ಮೈ ಇನ್ನೊಂದು ದಿಕ್ಕಿಗೆ. ಹಗಲು ನಾವು ನೋಡುವುದು ಹಿಂದಿನ ಮೈಯನ್ನು. ಅದು ಬಿದ್ದ ಬೆಳಕನ್ನು ಬಹುಪಾಲು ವಾಪಸ್ ಕೊಡುತ್ತದೆ.

ಬರಿಯ ಗಾಜೂ ಸ್ವಲ್ಪ ಬೆಳಕು ವಾಪಸ್ ಕೊಡುತ್ತದೆ. ರಾತ್ರಿ ಬಸ್ಸಿನ ಕಿಟಕಿಯಲ್ಲಿ ನಿಮ್ಮದೇ ಮುಖ ಕಾಣುವುದಿಲ್ಲವೇ, ಹಾಗೆ. ಬಿದ್ದ ಬೆಳಕು ನೂರು ಪಾಲಾದರೆ ಗಾಜಿನ ಮುಂದಿನ ಮೈ ವಾಪಸ್ ಕಳಿಸುವುದು ಸುಮಾರು 4 ಪಾಲು. ಕಡ್ಡಿ ಎಳೆದಾಗ ಹೊಳೆಯುವ ಹಿಂದಿನ ಮೈ ಕಾರಿನ ಛಾವಣಿಯತ್ತ ತಿರುಗುತ್ತದೆ. ಅಲ್ಲಿ ರಾತ್ರಿ ಕತ್ತಲು. ಹಿಂದಿನ ರಸ್ತೆಯನ್ನು ತೋರಿಸುವ ಕೆಲಸ ಮುಂದಿನ ಬರಿಯ ಗಾಜಿಗೆ ಬೀಳುತ್ತದೆ. ಲಾರಿಯ ಬೆಳಕಿನಲ್ಲಿ ಇಪ್ಪತ್ತೈದರಲ್ಲಿ ಒಂದು ಪಾಲು ಮಾತ್ರ ನಿಮ್ಮ ಕಣ್ಣಿಗೆ ಬರುತ್ತದೆ. ನಂಬಿಕೆ ಬರದಿದ್ದರೆ ಹಗಲು ಕಡ್ಡಿ ಎಳೆದು ನೋಡಿ, ಕನ್ನಡಿಯಲ್ಲಿ ಕಾರಿನ ಛಾವಣಿಯೇ ಕಾಣುತ್ತದೆ. ಇಷ್ಟು ವರ್ಷ ಆದರೂ ಹೊಸಬರಿಗೆ ಇದನ್ನು ತೋರಿಸುವಾಗ ನನಗೆ ಖುಷಿಯಾಗುತ್ತದೆ.

ಒಂದು ತಪ್ಪು ಮಾತ್ರ ಎಲ್ಲರೂ ಮಾಡುತ್ತಾರೆ. ಕಡ್ಡಿ ತಮ್ಮ ಕಡೆ ಇದ್ದಾಗಲೇ ಕನ್ನಡಿಯನ್ನು ಹೊಂದಿಸಿಕೊಂಡು ಬಿಡುತ್ತಾರೆ. ಆಗ ಕಡ್ಡಿ ಎಳೆಯಲು ಜಾಗವೇ ಉಳಿಯುವುದಿಲ್ಲ. ಮೊದಲು ಕಡ್ಡಿಯನ್ನು ಮುಂದಿನ ಗಾಜಿನ ಕಡೆ ತಳ್ಳಿ. ಆಮೇಲೆ ಕನ್ನಡಿಯನ್ನು ಹೊಂದಿಸಿ. ರಾತ್ರಿ ಕಡ್ಡಿಯನ್ನಷ್ಟೇ ಎಳೆಯಿರಿ, ಕನ್ನಡಿಯನ್ನು ಮುಟ್ಟಬೇಡಿ. ಬೆಳಗಾದ ಮೇಲೆ ವಾಪಸ್ ತಳ್ಳುವುದನ್ನು ಮರೆಯಬೇಡಿ. ದುಬಾರಿ ಮಾಡೆಲ್‌ಗಳಲ್ಲಿ ಕನ್ನಡಿ ತಾನೇ ಕಪ್ಪಾಗುತ್ತದೆ, ಅಲ್ಲಿ ಕಡ್ಡಿ ಹುಡುಕಿ ಮುರಿಯಬೇಡಿ. ಅಕ್ಕಪಕ್ಕದ ಕನ್ನಡಿಗಳಿಗೆ ಸಾಮಾನ್ಯವಾಗಿ ಈ ಸೌಲಭ್ಯ ಇರುವುದಿಲ್ಲ. ಅವನ್ನು ನಿಮ್ಮ ಗಾಡಿಯ ಮೈ ಬರೀ ಒಂದು ಗೆರೆಯಷ್ಟು ಕಾಣುವ ಹಾಗೆ ಹೊರಕ್ಕೆ ಸರಿಸಿದರೆ ನೇರ ಹಿಂದಿರುವವನ ಬೆಳಕು ಕಡಿಮೆ ಬೀಳುತ್ತದೆ.

ಇನ್ನು ಹಳದಿ ಚಷ್ಮಾ.

ನಮ್ಮ ಭಾವನವರು ಹೋದ ವರ್ಷ ಒಂದು ಅಂಗಡಿಯಲ್ಲಿ ಆರುನೂರು ರೂಪಾಯಿ ಕೊಟ್ಟು ತಂದರು. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತೇನೆ ಅಂತ ಗೊತ್ತಿತ್ತು ಅನಿಸುತ್ತದೆ. ಅಂಗಡಿಯವನು ಒಂದು ಕಾರ್ಡ್ ಕೊಟ್ಟನಂತೆ. ಬರಿಗಣ್ಣಿಗೆ ಅದರಲ್ಲಿ ಏನೂ ಇಲ್ಲ. ಚಷ್ಮಾ ಹಾಕಿದರೆ ಚಿತ್ರ ಎದ್ದು ಬರುತ್ತದೆ. ‘ನೋಡ್ರಿ, ಕಾಣದ್ದೆಲ್ಲ ಕಾಣ್ತದ’ ಅಂದನಂತೆ. ಭಾವ ಅಲ್ಲೇ ಸೋತರು.

ಆ ಕಾರ್ಡು ಸುಳ್ಳಲ್ಲ. ಆದರೆ ಅದು ಬೇರೆಯದನ್ನು ತೋರಿಸುತ್ತದೆ. ಚಷ್ಮಾದಲ್ಲಿ ಪೋಲರೈಸ್ಡ್ ಪದರ, ಅಂದರೆ ಒಂದು ದಿಕ್ಕಿಗೆ ಮಾತ್ರ ಕಂಪಿಸುವ ಬೆಳಕನ್ನು ತಡೆಯುವ ಪದರ, ಇದೆ ಅನ್ನುವುದಕ್ಕಷ್ಟೇ ಅದು ಪುರಾವೆ. ಚಿತ್ರವನ್ನು ಆ ಪದರಕ್ಕೆ ಮಾತ್ರ ಕಾಣುವ ಹಾಗೆ ಮಾಡಿರುತ್ತಾರೆ. ಮಧ್ಯಾಹ್ನದ ಡಾಂಬರಿನ ಮೇಲೋ ನೀರಿನ ಮೇಲೋ ಬಿಸಿಲು ಬಡಿದು ಮಿರಮಿರ ಮಿಂಚುತ್ತದಲ್ಲ, ಆ ಹೊಳಪನ್ನು ಪೋಲರೈಸ್ಡ್ ಗಾಜು ನಿಜವಾಗಿಯೂ ತಡೆಯುತ್ತದೆ. ಹಗಲು ಹಾಕಿಕೊಳ್ಳಿ, ನನ್ನ ತಕರಾರಿಲ್ಲ. ಆದರೆ ಹೆಡ್‌ಲೈಟಿನಿಂದ ನೇರವಾಗಿ ಕಣ್ಣಿಗೆ ಬರುವ ಬೆಳಕು ಆ ಜಾತಿಯದಲ್ಲ. ಅದರ ಮುಂದೆ ಪೋಲರೈಸ್ಡ್ ಗಾಜು ಸುಮ್ನೆ ಒಂದು ಕಪ್ಪು ಗಾಜು. ರಾತ್ರಿ ಕಪ್ಪು ಚಷ್ಮಾ ಹಾಕಿ ಗಾಡಿ ಓಡಿಸುತ್ತೀರಾ?

ಇನ್ನು ಹಳದಿ ಬಣ್ಣದ ಮಾತು. ಹಳದಿ ಗಾಜು ನೀಲಿ ಬೆಳಕನ್ನು ತಡೆಯುತ್ತದೆ. ಈಗಿನ ಎಲ್‌ಇಡಿ ಲೈಟುಗಳಲ್ಲಿ ನೀಲಿ ಜಾಸ್ತಿ. ಅದಕ್ಕೇ ಚಷ್ಮಾ ಹಾಕಿದ ಕೂಡಲೇ ಎದುರಿನ ಲೈಟು ಮೆತ್ತಗಾದಂತೆ, ಹಳೇ ಅಂಬಾಸಿಡರಿನ ಲೈಟಿನಂತೆ ಅನಿಸುತ್ತದೆ. ಹಾಯ್ ಅನಿಸುತ್ತದೆ. ಆದರೆ ನಿಮಗೆ ಬೇಕಿರುವುದು ಎದುರಿನ ಲೈಟು ಚಂದ ಕಾಣುವುದೋ, ಆ ಲೈಟಿನ ಆಚೆ ಇರುವುದು ಕಾಣುವುದೋ?

ಅಫಜಲಪುರ ರಸ್ತೆಯನ್ನೋ ಆಳಂದ ರಸ್ತೆಯನ್ನೋ ನೆನೆಸಿಕೊಳ್ಳಿ. ಎದುರಿನಿಂದ ಲಾರಿ ಬರುತ್ತಿದೆ. ನಿಮ್ಮ ಮುಂದೆ ಎಡಕ್ಕೆ ಕಬ್ಬು ಹೇರಿದ ಟ್ರ್ಯಾಕ್ಟರ್ ಟ್ರಾಲಿ. ಹಿಂದೆ ಲೈಟಿಲ್ಲ, ರಿಫ್ಲೆಕ್ಟರಿಗೆ ಮಣ್ಣು ಮೆತ್ತಿದೆ. ಆ ಟ್ರಾಲಿಯಿಂದ ನಿಮ್ಮ ಕಣ್ಣಿಗೆ ಬರುವ ಬೆಳಕು ಒಂದು ಚಿಟಿಕೆಯಷ್ಟು. ಯಾವುದು ಲಾರಿಯ ಬೆಳಕು, ಯಾವುದು ಟ್ರಾಲಿಯ ಬೆಳಕು ಅಂತ ಚಷ್ಮಾಕ್ಕೆ ಗೊತ್ತಾಗುವುದಿಲ್ಲ. ಎರಡನ್ನೂ ಕತ್ತರಿಸುತ್ತದೆ. ಲಾರಿಯ ಬೆಳಕಿಗೆ ಅದೇನೂ ನಷ್ಟವಲ್ಲ. ಟ್ರಾಲಿಯ ಚಿಟಿಕೆ ಬೆಳಕು ಹೋಯಿತೆಂದರೆ ಹೋಯಿತು. ಕಂಬಳಿ ಹೊದ್ದು ರಸ್ತೆ ಬದಿ ನಡೆಯುವವನ ಕತೆಯೂ ಅಷ್ಟೇ.

ಇದು ನನ್ನೊಬ್ಬನ ವಾದವಲ್ಲ. ಅಮೆರಿಕದ ಬೋಸ್ಟನ್ನಿನಲ್ಲಿ ಶೆಪನ್ಸ್ ಅನ್ನುವ ಕಣ್ಣಿನ ಸಂಶೋಧನಾ ಸಂಸ್ಥೆ ಇದೆ. ಅಲ್ಲಿನವರು ಡ್ರೈವಿಂಗ್ ಸಿಮ್ಯುಲೇಟರಿನಲ್ಲಿ ಜನರನ್ನು ಕೂರಿಸಿ, ಎದುರಿನ ಹೆಡ್‌ಲೈಟಿನ ಬೆಳಕು ಕಣ್ಣಿಗೆ ಬೀಳುವಂತೆ ಮಾಡಿ, ರಸ್ತೆಯಲ್ಲಿ ನಡೆಯುವವರನ್ನು ಗುರುತಿಸಲು ಹೇಳಿದರು. ಒಮ್ಮೆ ಹಳದಿ ಚಷ್ಮಾ ಹಾಕಿಸಿ, ಒಮ್ಮೆ ಬಿಳಿ ಗಾಜಿನ ಚಷ್ಮಾ ಹಾಕಿಸಿ. ಹಳದಿಯಿಂದ ಏನೂ ಲಾಭ ಕಾಣಲಿಲ್ಲ. 2019ರಲ್ಲಿ ಜಾಮಾ ಆಪ್ತಾಲ್ಮಾಲಜಿ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇದು ಅಚ್ಚಾಯಿತು.

‘ಆದರೂ ಸರ್, ನನಗ ಚಲೋ ಕಾಣ್ತದ’ ಅನ್ನುವವರು ಇದ್ದೇ ಇರುತ್ತಾರೆ. ಸರಿ, ಎಲ್ಲಿ ಹಾಕಿ ನೋಡಿದಿರಿ? ಸೂಪರ್ ಮಾರ್ಕೆಟ್ ಬಜಾರಿನಲ್ಲಿ, ಹಗಲು ಹನ್ನೆರಡು ಗಂಟೆಗೆ. ಕಲಬುರಗಿಯ ಆ ಬಿಸಿಲಲ್ಲಿ ಹಳದಿ ಗಾಜು ಹಾಕಿದರೆ ಎಲ್ಲವೂ ಎದ್ದು ಕಂಡಂತೆ ಅನಿಸುತ್ತದೆ. ಹಗಲು ಪರೀಕ್ಷೆ ಮಾಡಿ ರಾತ್ರಿಗೆ ಕೊಳ್ಳುವ ವಸ್ತು ಇದೊಂದೇ ಇರಬೇಕು.

ವಯಸ್ಸಾದವರಿಗೆ ಇದು ಇನ್ನೂ ಕೆಟ್ಟದು, ಕೊಳ್ಳುವವರೂ ಅವರೇ ಜಾಸ್ತಿ. ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಅದರ ಮೇಲೆ ಹಳದಿ ಗಾಜು ಅಂದರೆ ಬತ್ತಿ ಸಣ್ಣಗಾದ ಕಂದೀಲಿಗೆ ಮಸಿ ಬಳಿದ ಹಾಗೆ. ಲೈಟಿನ ಸುತ್ತ ಕಿರಣಗಳು ಚೆಲ್ಲಿದಂತೆ ಕಾಣುತ್ತಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ನಂಬರ್ ಬದಲಾಗಿರಬಹುದು, ಪೊರೆ ಶುರುವಾಗಿರಬಹುದು. ನಮ್ಮ ಭಾವನವರಿಗೆ ಇದ್ದದ್ದು ಪೊರೆಯೇ. ನಂಬರಿನ ಚಷ್ಮಾ ಮಾಡಿಸುವಾಗ ಬಿಳಿ ಗಾಜಿಗೇ ಆ್ಯಂಟಿ ರಿಫ್ಲೆಕ್ಷನ್ ಲೇಪನ ಹಾಕಿಸಿದರೆ ಉಪಯೋಗವಿದೆ. ಅದು ಬೇರೆ, ಹಳದಿ ಬೇರೆ. ಎರಡನ್ನೂ ಒಂದೇ ಮಾಡಿ ನನಗೆ ಮತ್ತೆ ಕೇಳಬೇಡಿ.

ಚಷ್ಮಾದ ದುಡ್ಡಲ್ಲಿ ಒಂದು ಒಳ್ಳೆಯ ಬಟ್ಟೆ ತಂದು ಮುಂದಿನ ಗಾಜಿನ ಒಳಮೈ ಒರೆಸಿ. ಹೊರಮೈಯನ್ನು ದಿನಾ ಒರೆಸುತ್ತೀರಿ, ನನಗೆ ಗೊತ್ತು. ಒಳಗೆ ಯಾರೂ ಮುಟ್ಟುವುದಿಲ್ಲ. ಮೇ ತಿಂಗಳಲ್ಲಿ ಇಲ್ಲಿ 43 ಡಿಗ್ರಿ ಏರುತ್ತದೆ, ಬಿಸಿಲಿಗೆ ನಿಂತ ಕಾರಿನೊಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನಿಂದ ಆವಿ ಎದ್ದು ಗಾಜಿನ ಒಳಗೆ ಎಣ್ಣೆಯಂಥ ಪೊರೆ ಕೂರುತ್ತದೆ. ಹಗಲು ಅದು ಕಾಣುವುದಿಲ್ಲ. ರಾತ್ರಿ ಎದುರಿನ ಲೈಟು ಬಿದ್ದಾಗ ಗಾಜೆಲ್ಲ ಹಾಲು ಚೆಲ್ಲಿದಂತಾಗುತ್ತದೆ. ಡ್ಯಾಶ್‌ಬೋರ್ಡ್ ಮಿಂಚಲಿ ಅಂತ ಪಾಲಿಶ್ ಬಳಿಯುವವರ ಗಾಡಿಯಲ್ಲಿ ಇನ್ನೂ ಜಾಸ್ತಿ. ಎದುರಿನವನು ಡಿಪ್ ಮಾಡದಿದ್ದರೆ ಅವನ ಲೈಟನ್ನು ನೋಡಬೇಡಿ. ವೇಗ ಇಳಿಸಿ, ರಸ್ತೆಯ ಎಡ ಅಂಚಿನ ಬಿಳಿ ಗೆರೆಯ ಮೇಲೆ ಕಣ್ಣಿಡಿ.

ಪ್ರಶ್ನೆಗೆ ಉತ್ತರ ಮುಗಿಯಿತು. ಇನ್ನೊಂದು ಮಾತಿದೆ, ಅದನ್ನು ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. ಎದುರಿನವರ ಲೈಟಿನ ಬಗ್ಗೆ ಎಲ್ಲರದೂ ದೂರು. ನಿಮ್ಮ ಲೈಟಿನ ಬಗ್ಗೆ ಎದುರಿನವರದು ಏನಿರಬಹುದು?

ನೀವು ಡಿಪ್‌ನಲ್ಲೇ ಹೋಗುತ್ತಿದ್ದರೂ ಎದುರಿನವರು ಲೈಟು ಮಿಟುಕಿಸಿ ಬೈಯುತ್ತಾರಲ್ವಾ? ಹುಣ್ಣಿಮೆಗೆ ದೇವಲ ಗಾಣಗಾಪುರಕ್ಕೆ ಹೊರಟಿದ್ದೀರಿ ಅಂದುಕೊಳ್ಳಿ. ಹಿಂದೆ ಮೂವರು, ಡಿಕ್ಕಿಯ ತುಂಬ ಸಾಮಾನು. ಗಾಡಿಯ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ. ಮೂತಿಯ ಜೊತೆ ಲೈಟೂ ಮೇಲೇಳುತ್ತದೆ. ನಿಮ್ಮ ಡಿಪ್ ಲೈಟು ಈಗ ಎದುರಿನವನ ಕಣ್ಣಿಗೇ ಗುರಿ. ಇದಕ್ಕೂ ಕಾರು ಮಾಡಿದವರು ಒಂದು ಸಣ್ಣ ಉಪಾಯ ಇಟ್ಟಿದ್ದಾರೆ. ಸ್ಟೇರಿಂಗಿನ ಬಲಕ್ಕೆ, ಮೊಣಕಾಲಿನ ಮೇಲೆ, ಲೈಟಿನ ಚಿತ್ರವಿರುವ ಚಕ್ರದಂಥ ಗುಂಡಿ ನೋಡಿ. ಅದರ ಮೇಲೆ 0, 1, 2, 3 ಅಂತ ಇರುತ್ತದೆ. ಮುಂದೆ ಒಬ್ಬರೋ ಇಬ್ಬರೋ ಇದ್ದರೆ 0. ಸೀಟು ತುಂಬಿದರೆ 1. ಡಿಕ್ಕಿಯೂ ತುಂಬಿದರೆ 2 ಅಥವಾ 3. ಅಂಕಿ ಏರಿದಷ್ಟೂ ಲೈಟು ಕೆಳಗೆ ಬಾಗುತ್ತದೆ. ನಿಮ್ಮ ಗಾಡಿಯ ಲೆಕ್ಕ ಅದರ ಜೊತೆ ಬಂದ ಪುಸ್ತಕದಲ್ಲಿ ಇದೆ. ಅದರ ಪ್ಲಾಸ್ಟಿಕ್ ಕವರ್ ಇನ್ನೂ ಹರಿದಿರಲಿಕ್ಕಿಲ್ಲ. ಹೊಸ ದೊಡ್ಡ ಗಾಡಿಗಳಲ್ಲಿ ಕೆಲವು ತಾವೇ ಲೈಟು ಬಗ್ಗಿಸಿಕೊಳ್ಳುತ್ತವೆ.

ರಾತ್ರಿ ಮನೆಯ ಕಾಂಪೌಂಡ್ ಗೋಡೆಗೆ ಲೈಟು ಬಿಟ್ಟು ಗುಂಡಿ ತಿರುಗಿಸಿ, ಬೆಳಕು ಮೆಟ್ಟಿಲಿಳಿದಂತೆ ಇಳಿಯುವುದು ಕಾಣುತ್ತದೆ. ಭಾವನವರಿಗೆ ಇದನ್ನು ತೋರಿಸಿದೆ. ಡಿಕ್ಕಿಯಲ್ಲಿ ಎರಡು ಚೀಲ ತೊಗರಿಬೇಳೆ ಇತ್ತು, ಗುಂಡಿ 0ಯಲ್ಲೇ ಇತ್ತು. ‘ಹಂಗಾರ ಇಷ್ಟು ದಿನ ಅವರು ಬೈದಿದ್ದು ನನಗೇನು?’ ಅಂದರು.

ಊರು ತಲುಪಿ ಸಾಮಾನು ಇಳಿಸಿದ ಮೇಲೆ ಗುಂಡಿಯನ್ನು ಮತ್ತೆ 0ಗೆ ತನ್ನಿ. ಇಲ್ಲದಿದ್ದರೆ ಮರುದಿನ ರಾತ್ರಿ ‘ಸರ್, ಗಾಡಿ ಲೈಟು ದೂರ ಬೀಳವಲ್ದು, ಬಲ್ಬ್ ಹೋಗ್ಯಾದೇನ್ರಿ?’ ಅಂತ ನನಗೇ ಫೋನು ಬರುತ್ತದೆ.