ಬಾಣಂತಿಯ ತಟ್ಟೆಯಿಂದ ಹಾಲಿಗೆ ಇಳಿಯುವುದೇನು?

ಜಯನಗರದ ನನ್ನ ಮಕ್ಕಳ ಚಿಕಿತ್ಸಾಲಯಕ್ಕೆ ಐದು ತಿಂಗಳ ಮಗುವನ್ನೆತ್ತಿಕೊಂಡು ಬಂದ ತಾಯಿಯೊಬ್ಬರು, ತಮ್ಮ ಎದೆಹಾಲನ್ನು ಪರೀಕ್ಷೆ ಮಾಡಿಸಿದ ವರದಿಯನ್ನು ಮೇಜಿನ ಮೇಲಿಟ್ಟರು. ಸತುವಿನ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು, ಲೀಟರಿಗೆ 0.8 ಮಿಲಿಗ್ರಾಂ. "ಡಾಕ್ಟ್ರೇ, ನಾನು ಸರಿಯಾಗಿ ಊಟ ಮಾಡ್ತಿಲ್ವಾ?" ಎಂಬುದು ಅವರ ಪ್ರಶ್ನೆಯಾಗಿತ್ತು.

ಊಟಕ್ಕೂ ಆ ಅಂಕಿಗೂ ಸಂಬಂಧವಿರಲಿಲ್ಲ. ಎರಡನೆಯ ವಾರದಲ್ಲಿ ಲೀಟರಿಗೆ 3ರಿಂದ 4 ಮಿಲಿಗ್ರಾಂ ಇರುವ ಸತು, ಆರು ತಿಂಗಳ ಹೊತ್ತಿಗೆ 1ರ ಆಸುಪಾಸಿಗೋ ಅದಕ್ಕಿಂತ ಕೆಳಕ್ಕೋ ಇಳಿಯುವುದು ಸಹಜ. ಕಬ್ಬಿಣದ ಕಥೆಯೂ ಹೆಚ್ಚುಕಡಿಮೆ ಇದೇ: ಅದು ಲೀಟರಿಗೆ 0.2ರಿಂದ 0.4 ಮಿಲಿಗ್ರಾಂ ಮಾತ್ರ, ತಾಯಿ ಮಾತ್ರೆ ನುಂಗಿದರೂ ಅಷ್ಟೇ, ಬಿಟ್ಟರೂ ಸುಮಾರು ಅಷ್ಟೇ. ಹಾಗೆಂದು ಮಾತ್ರೆ ಬಿಡಬಾರದು. ರಕ್ತಹೀನತೆ ತಾಯಿಯದು, ಚಿಕಿತ್ಸೆಯೂ ಅವಳಿಗೇ ಬೇಕು. ಮಗುವಾದರೋ ಗರ್ಭದ ಕೊನೆಯ ಮೂರು ತಿಂಗಳಲ್ಲಿ ಕೂಡಿಟ್ಟುಕೊಂಡ ಕಬ್ಬಿಣದ ಮೇಲೆ ಬದುಕುತ್ತದೆ. ಹೆರಿಗೆಯಾದ ಮೇಲೆ ಹೊಕ್ಕುಳಬಳ್ಳಿಯನ್ನು ಕಟ್ಟಲು ಕನಿಷ್ಠ ಒಂದು ನಿಮಿಷ ಕಾಯಬೇಕೆನ್ನುವುದು ಆ ಗಂಟನ್ನು ಇನ್ನಷ್ಟು ತುಂಬಿಸಿಕೊಡುವುದಕ್ಕಾಗಿಯೇ.

ಕ್ಯಾಲ್ಸಿಯಂ ವಿಷಯದಲ್ಲಿ ನಮ್ಮ ಮನೆಗಳಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ರಾಗಿ ಅಂಬಲಿ ಕುಡಿದರೆ ಹಾಲಿನ ಕ್ಯಾಲ್ಸಿಯಂ ಏರುವುದಿಲ್ಲ. ಊಟದಲ್ಲಿ ಕಡಿಮೆಯಾದರೂ ತಾಯಿಯ ದೇಹ ತನ್ನ ಮೂಳೆಯಿಂದಲೇ ತೆಗೆದು ಹಾಲಿಗೆ ಹಾಕುತ್ತದೆ. ಹಾಲೂಡಿಸುವ ತಿಂಗಳುಗಳಲ್ಲಿ ಮೂಳೆಯ ಸಾಂದ್ರತೆ ಶೇ. 3ರಿಂದ 5ರಷ್ಟು ಇಳಿದು, ಹಾಲು ಬಿಡಿಸಿದ ಮೇಲೆ ಸಾಮಾನ್ಯವಾಗಿ ಮರಳಿ ತುಂಬಿಕೊಳ್ಳುತ್ತದೆ. ರಾಗಿ ಬೇಕಾಗಿರುವುದು ತಾಯಿಗೆ.

ಸೋಡಿಯಂನ ಏರಿಳಿತಕ್ಕೆ ಕಾರಣವೇ ಬೇರೆ. ಹಾಲು ಸ್ರವಿಸುವ ಜೀವಕೋಶಗಳ ನಡುವಿನ ಸಂದುಗಳು ಮೊದಲ ಎರಡು-ಮೂರು ದಿನ ಬಿಗಿಯಾಗಿರುವುದಿಲ್ಲವಾದ್ದರಿಂದ ರಕ್ತದ ಉಪ್ಪಿನಂಶ ಹಾಲಿಗೆ ಸೋರುತ್ತದೆ. ಸಂದು ಮುಚ್ಚಿಕೊಂಡಂತೆ ಅದು ತಗ್ಗುತ್ತದೆ. ಎದೆಯಲ್ಲಿ ಬಾವು ಬಂದಾಗ ಸಂದುಗಳು ಮತ್ತೆ ತೆರೆದುಕೊಂಡು ಆ ಬದಿಯ ಹಾಲು ನಾಲಿಗೆಗೆ ತಿಳಿಯುವಷ್ಟು ಉಪ್ಪಾಗುತ್ತದೆ. ಒಂದೇ ಬದಿಗೆ ಮಗು ಮುಖ ತಿರುಗಿಸುತ್ತಿದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಅಲ್ಲಿ ಕೆಂಪು, ನೋವು, ಗಂಟು ಇದೆಯೇ ಎಂದು. ಆ ಹಾಲು ಕೆಟ್ಟದ್ದಲ್ಲ, ಕುಡಿಸುವುದನ್ನು ನಿಲ್ಲಿಸಬಾರದು.

ಹಾಗಾದರೆ ಊಟವನ್ನು ಹಿಂಬಾಲಿಸುವುದು ಯಾವುದು? ಮುಖ್ಯವಾಗಿ ಅಯೋಡಿನ್, ಜೊತೆಗೆ ಸೆಲೆನಿಯಂ. ಅಯೋಡಿನ್ ತಾಯಿಗೆ ಸಿಕ್ಕಷ್ಟೇ ಹಾಲಿಗೆ. ಹಾಲೂಡಿಸುವವರಿಗೆ ದಿನಕ್ಕೆ 250 ಮೈಕ್ರೋಗ್ರಾಂ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಮಗುವಿನ ಥೈರಾಯ್ಡ್ ಹಾರ್ಮೋನು, ಅದರ ಮೂಲಕ ಮಿದುಳಿನ ಬೆಳವಣಿಗೆ, ಇದನ್ನೇ ನೆಚ್ಚಿಕೊಂಡಿದೆ.

ಆದ್ದರಿಂದ ವರದಿಯನ್ನು ಪಕ್ಕಕ್ಕಿಟ್ಟು, ಮಗುವಿನ ತೂಕ ನೋಡಿ, ಅದು ಬೆಳವಣಿಗೆಯ ಗೆರೆಯ ಮೇಲೆಯೇ ಇರುವುದನ್ನು ತೋರಿಸಿ, ಮನೆಯಲ್ಲಿ ಯಾವ ಉಪ್ಪು ಬಳಸುತ್ತೀರೆಂದು ಕೇಳಿದೆ. ಜೊತೆಗಿದ್ದ ಅಜ್ಜಿ ಹೆಮ್ಮೆಯಿಂದ, "ಬಾಣಂತಿಗೆ ಅಂತ ಸೈಂಧವ ಲವಣಾನೇ ಹಾಕ್ತಿದೀನಿ" ಎಂದರು. ಅಯೋಡಿನ್ ಬೆರೆಸಿದ ಪುಡಿ ಉಪ್ಪಿನಲ್ಲಿ ಕಿಲೋಗ್ರಾಮಿಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕೆಂಬ ನಿಯಮವಿದೆ. ಅಯೋಡಿನ್ ಬೆರೆಸದ ಸೈಂಧವದಲ್ಲಿ ಅದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಐದು ತಿಂಗಳಿನಿಂದ ಆ ಮನೆಯ ಸಾರು, ಪಲ್ಯ, ಮಜ್ಜಿಗೆ ಎಲ್ಲಕ್ಕೂ ಅದೇ ಉಪ್ಪು.

"ಹಾಗಾದ್ರೆ ಡಬ್ಬಿ ತುಂಬ ಇದೆಯಲ್ಲ, ಅದನ್ನೇನು ಮಾಡ್ಲಿ?" ಎಂದರು ಅಜ್ಜಿ. ಮಗಳ ಸಾರಿಗೆ ಮಾತ್ರ ಬೇಡ ಅಮ್ಮಾ, ಎಂದೆ.