ಎಂಜಿನ್ ಬದಲಾದ ಮೇಲೆ ಸುಳ್ಳು ಹೇಳುವ ಮುಳ್ಳು

ಕಾರಿಗೆ ಬೇರೆ ಎಂಜಿನ್ ಕೂರಿಸಿದವರದ್ದು ಒಂದು ದೂರು ಖಾಯಂ: ಆರ್‌ಪಿಎಂ ಮೀಟರ್ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತಿದೆ ಅಂತ ಮುಳ್ಳಿನಲ್ಲಿ ತೋರಿಸುವುದು) ಕೆಟ್ಟೋಗಿದೆ, ಏನೇನೋ ತೋರಿಸ್ತಿದೆ. ಏನೇನೋ ಅಲ್ಲ ಸ್ವಾಮಿ, ಆ ತಪ್ಪಿಗೂ ಒಂದು ಲೆಕ್ಕ ಇದೆ. ಅದನ್ನು ನೋಡದೆ ಒಳ್ಳೆಯ ಮೀಟರನ್ನು ಕಿತ್ತು ಬಿಸಾಕುತ್ತಾರಲ್ಲ, ಅದೇ ನನ್ನ ಬೇಜಾರು.

ಡಾಟ್ಸನ್ 240ಜಡ್ ತಗೊಳ್ಳಿ. 1970ರ ದಶಕದ ಶುರುವಿನ ಜಪಾನಿ ಸ್ಪೋರ್ಟ್ಸ್ ಕಾರು, ಸಾಲಾಗಿ ಆರು ಸಿಲಿಂಡರ್, 2.4 ಲೀಟರ್. ಅಮೆರಿಕದಲ್ಲಿ ಇದರ ಬಾನೆಟ್ ಕೆಳಗೆ ಷೆವರ್ಲೆಯ ಎಂಟು ಸಿಲಿಂಡರಿನ ವಿ8 ಎಂಜಿನ್ ತುರುಕುವ ಹುಚ್ಚು ಹಳೆಯದು. ಹಾಗೆ ಕೂರಿಸಿ ಸ್ಟಾರ್ಟ್ ಮಾಡಿದರೆ, ಎಂಜಿನ್ 1500ರಲ್ಲಿ ಸುತ್ತುವಾಗ ಮುಳ್ಳು 2000 ಅನ್ನುತ್ತದೆ. 3000ಕ್ಕೆ 4000. 6000ಕ್ಕೆ ಒಯ್ದರೆ 8000ದ ಕೊನೇ ಗೆರೆ. ಎಲ್ಲ ಕಡೆಯೂ ಮೂರಿದ್ದದ್ದು ನಾಲ್ಕಾಗಿದೆ. ಕೆಟ್ಟ ಮೀಟರ್ ಇಷ್ಟು ಶಿಸ್ತಾಗಿ ತಪ್ಪು ಹೇಳುತ್ತಾ?

ಮೀಟರಿಗೆ ಸುತ್ತು ಕಾಣಿಸುವುದೇ ಇಲ್ಲ, ಅದು ಎಣಿಸುವುದು ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತಿಸುವ ಕಿಡಿಗಳನ್ನು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿಗೆ ಎರಡು ಸುತ್ತಿಗೊಮ್ಮೆ ಕಿಡಿ. ಆರು ಸಿಲಿಂಡರ್ ಇದ್ದರೆ ಸುತ್ತಿಗೆ ಮೂರು, ಎಂಟಿದ್ದರೆ ನಾಲ್ಕು. ಪಾಪ, ಮೀಟರ್ ಇನ್ನೂ ಮೂರು ಕಿಡಿಗೆ ಒಂದು ಸುತ್ತು ಅಂತಲೇ ನಂಬಿಕೊಂಡು ಕೂತಿದೆ.

ಕೇಬಲ್ ಕಾಲದಲ್ಲಿ ಈ ತಲೆನೋವು ಇರಲಿಲ್ಲ. ನಮ್ಮ ರಾಜ್‌ದೂತ್ 350 ಬೈಕಿನಲ್ಲಿ ಎಂಜಿನ್ನಿನಿಂದ ಮೀಟರಿಗೆ ಕೇಬಲ್ಲೇ ತಿರುಗುತ್ತಿತ್ತು. ಇಂಥ ಮೀಟರುಗಳ ಹಿಂದಿನ ಕಥೆ ಚೆನ್ನಾಗಿದೆ. 1824ರ ಹೊತ್ತಿಗೆ ಫ್ರಾನ್ಸಿನ ವಿಜ್ಞಾನಿ ಅರಾಗೋ ತಾಮ್ರದ ತಟ್ಟೆಯನ್ನು ತಿರುಗಿಸಿದ, ಮೇಲೆ ಇಳಿಬಿಟ್ಟಿದ್ದ ಅಯಸ್ಕಾಂತದ ಮುಳ್ಳು ಜೊತೆಗೇ ತಿರುಗಿತು. ತಾಮ್ರಕ್ಕೆ ಅಯಸ್ಕಾಂತ ಅಂಟುವುದೇ ಇಲ್ಲ, ಮತ್ತೆ ಹೇಗೆ? ಫ್ಯಾರಡೆ 1831ರಲ್ಲಿ ಬಿಡಿಸಿ ಹೇಳುವ ತನಕ ಅದು ಒಗಟಾಗಿಯೇ ಇತ್ತು: ತಟ್ಟೆಯೊಳಗೆ ಕರೆಂಟಿನ ಸುಳಿಗಳು ಏಳುತ್ತವೆ. ಕೇಬಲ್ ಮೀಟರಿನಲ್ಲಿ ಇದು ಉಲ್ಟಾ, ಅಯಸ್ಕಾಂತ ತಿರುಗಿ ಲೋಹದ ಬಟ್ಟಲನ್ನು ಎಳೆಯುತ್ತದೆ, ಸಣ್ಣ ಸ್ಪ್ರಿಂಗ್ ಅದನ್ನು ತಡೆಯುತ್ತದೆ. ಸಿಲಿಂಡರ್ ಎಷ್ಟಿದ್ದರೂ ಅದಕ್ಕೇನು?

ಎಲೆಕ್ಟ್ರಾನಿಕ್ ಮೀಟರ್ ಬೇರೆ ಜಾತಿ. ಸೋರುವ ಕೊಡಕ್ಕೆ ಪ್ರತಿ ಕಿಡಿಗೂ ಒಂದು ಲೋಟ ನೀರು ಹಾಕುತ್ತಿದ್ದೀರಿ ಅಂದುಕೊಳ್ಳಿ. ಬೇಗ ಬೇಗ ಹಾಕಿದರೆ ಮಟ್ಟ ಏರುತ್ತದೆ, ನಿಧಾನಿಸಿದರೆ ಇಳಿಯುತ್ತದೆ. ಮುಳ್ಳು ತೋರಿಸುವುದು ಆ ಮಟ್ಟವನ್ನು. ಲೋಟ ಎಂದರೆ ಇಲ್ಲಿ ಒಂದೇ ಅಳತೆಯ ಕರೆಂಟಿನ ತುಣುಕು. ಅದು ಎಷ್ಟು ಹೊತ್ತು ಹರಿಯಬೇಕು ಅನ್ನುವುದನ್ನು ಒಳಗಿನ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಸೇರಿ ಗೊತ್ತುಮಾಡುತ್ತವೆ. ವಿ8 ಬಂದರೆ ಲೋಟವನ್ನು ಮುಕ್ಕಾಲು ಮಾಡಿ, ಮುಗೀತು. ಆ ರೆಸಿಸ್ಟರ್ 100 ಕಿಲೋಓಮ್ ಇದ್ದರೆ 75 ಹಾಕಿ. ಹಲವು ಮೀಟರುಗಳಲ್ಲಿ ಇದಕ್ಕೆಂದೇ ಸ್ಕ್ರೂಡ್ರೈವರಿನಲ್ಲಿ ತಿರುಗಿಸುವ ಪುಟ್ಟ ಪ್ರೀಸೆಟ್, ಅಂದರೆ ಹೆಚ್ಚುಕಡಿಮೆ ಮಾಡಬಹುದಾದ ರೆಸಿಸ್ಟರ್, ಇರುತ್ತದೆ.

ಆದರೆ ಬಹಳ ಜನ ರೆಸಿಸ್ಟರನ್ನು ಹಾಕುವುದು ಕಿಡಿಯ ಸುದ್ದಿಯನ್ನು ಮೀಟರಿಗೆ ತರುವ ಸಿಗ್ನಲ್ ವೈರಿಗೆ! ಜಾಸ್ತಿ ತೋರಿಸ್ತಿದೆ, ಸಿಗ್ನಲ್ ಕಡಿಮೆ ಮಾಡೋಣ ಅಂತ. ಕಿಡಿಯ ಸದ್ದು ತಗ್ಗಿಸಿದರೆ ಕಿಡಿಗಳ ಸಂಖ್ಯೆ ತಗ್ಗುವುದಿಲ್ಲ, ಅಲ್ವಾ? ತೀರಾ ಸಣ್ಣದಾದರೆ ಮೀಟರ್ ಕೆಲವನ್ನು ಬಿಟ್ಟುಬಿಟ್ಟು ಎಣಿಸುತ್ತದೆ, ಆಗ ಮುಳ್ಳು ಕುಣಿಯಲು ಶುರು. ಆಗ ಬೇಕಾದರೆ ಕೆಟ್ಟಿದೆ ಅನ್ನಿ.

ಹೊಸ ಎಲ್‌ಎಸ್ ಮಾದರಿಯ ವಿ8 ಹಾಕಿದರೆ ಕಥೆ ತಿರುಗಾಮುರುಗಾ. ಅದರಲ್ಲಿ ಎಂಟು ಸಿಲಿಂಡರಿಗೆ ಕಿಡಿ ಹುಟ್ಟಿಸುವ ಎಂಟು ಕಾಯಿಲ್, ಎಲ್ಲ ಕಿಡಿಗಳೂ ಒಂದೇ ಕಡೆ ಎಣಿಕೆಗೆ ಸಿಗುವುದಿಲ್ಲ, ಆದ್ದರಿಂದ ಮೀಟರಿಗೆ ಸಿಗ್ನಲ್ ಕೊಡುವುದು ಎಂಜಿನ್ ಕಂಪ್ಯೂಟರ್. ಸಾಮಾನ್ಯವಾಗಿ ಅದು ಕೊಡುವುದು ಸುತ್ತಿಗೆ ಎರಡೇ ಪಲ್ಸ್, ನಾಲ್ಕು ಸಿಲಿಂಡರಿನ ಹಾಗೆ. ಆರು ಸಿಲಿಂಡರಿನ ಮೀಟರ್ ಅದನ್ನು ಎಣಿಸಿದರೆ 6000ವನ್ನು 4000 ಅನ್ನುತ್ತದೆ. ಕಡಿಮೆ ತೋರಿಸುವುದು ಜಾಸ್ತಿ ತೋರಿಸುವುದಕ್ಕಿಂತ ಅಪಾಯ, ಮುಳ್ಳನ್ನು ನಂಬಿ ಎಂಜಿನ್ನನ್ನು ಮಿತಿ ಮೀರಿ ಓಡಿಸಿಬಿಡುತ್ತೀರಿ. 240ಜಡ್‌ನ ಮೂಲ ಮೀಟರಿಗಂತೂ ಈ ಸಿಗ್ನಲ್ ಮುಟ್ಟುವುದೇ ಇಲ್ಲ, ಅದು ನೋಡುವುದು ಕಾಯಿಲ್‌ಗೆ ಹೋಗುವ ಕರೆಂಟನ್ನು. ಅಲ್ಲಿ ನಡುವೆ ಒಂದು ಸರ್ಕ್ಯೂಟ್ ಬೇಕೇ ಬೇಕು.

ಸರಿಮಾಡುವಾಗ ಮೊದಲು ಎಂಜಿನ್ ಆಫ್ ಇರುವಾಗ ಮುಳ್ಳು ಸೊನ್ನೆಯಲ್ಲಿದೆಯಾ ನೋಡಿ. ಆಮೇಲೆ ನಿಜವಾದ ಆರ್‌ಪಿಎಂ ಗೊತ್ತಾಗಬೇಕು. ಎಂಜಿನ್ ಕಂಪ್ಯೂಟರಿನಿಂದ ಅದನ್ನು ಓದುವ ಸ್ಕ್ಯಾನರ್ ಇದ್ದರೆ ಸರಿ. ಇಲ್ಲದಿದ್ದರೆ ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಸಾಕು. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಅದು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ರ್ಯಾಂಕ್ ಪುಲ್ಲಿಗೆ (ಎಂಜಿನ್ ಜೊತೆ ಅಷ್ಟೇ ಸುತ್ತು ತಿರುಗುವ ಚಕ್ರ) ಬಿಳಿ ಬಣ್ಣದ ಒಂದು ಗೆರೆ ಎಳೆದು, ಕತ್ತಲಲ್ಲಿ ಬರೀ ಆ ಬೆಳಕಿನಲ್ಲಿ ನೋಡುತ್ತಾ ನಿಧಾನಕ್ಕೆ ಆಕ್ಸಿಲರೇಟರ್ ಕೊಡಿ. ಸರಿಯಾಗಿ 1500ಕ್ಕೆ, ಒಂದು ಸುತ್ತಿಗೆ ನಾಲ್ಕು ಸಲ ಬೆಳಕು ಮಿನುಗುವುದರಿಂದ, ನಾಲ್ಕು ಗೆರೆಗಳು ಕದಲದೆ ನಿಂತ ಹಾಗೆ ಕಾಣುತ್ತವೆ, 3000ಕ್ಕೆ ಎರಡು. 1500ರಲ್ಲಿ ಪ್ರೀಸೆಟ್ ತಿರುಗಿಸಿ ಮುಳ್ಳು ಕೂರಿಸಿ, 3000ದಲ್ಲಿ ತಾಳೆ ನೋಡಿ. ಪುಲ್ಲಿ ನಿಂತ ಹಾಗೆ ಕಂಡರೂ ತಿರುಗುತ್ತಲೇ ಇರುತ್ತದೆ, ಕೈ ಹಾಕಬೇಡಿ. ಅಮೆರಿಕದಲ್ಲಿರುವವರಿಗೆ ಕರೆಂಟು 60 ಹರ್ಟ್ಸ್, ಹಾಗಾಗಿ ಅದೇ ನಾಲ್ಕು ಗೆರೆ 1800ಕ್ಕೆ, ಎರಡು 3600ಕ್ಕೆ.